ಹುಬ್ಬಳ್ಳಿ ಎನ್‌ಕೌಂಟರ್: ಶಹಬ್ಬಾಸ್ ಅಂದಾಯ್ತು, ಪ್ರಶ್ನೆ ಯಾಕೆ ಉಳೀತು?

2025ರ ಏಪ್ರಿಲ್ 13, ಭಾನುವಾರ. ಹುಬ್ಬಳ್ಳಿಯ ಅಶೋಕ ನಗರ ಠಾಣೆ ವ್ಯಾಪ್ತಿಯಲ್ಲಿ ಐದು ವರ್ಷದ ಮಗುವನ್ನು ಮನೆ ಹತ್ತಿರದಿಂದ ಎತ್ತಿಕೊಂಡು ಹೋಗಿ ಕೊಲ್ಲಲಾಯಿತು. ಸುದ್ದಿ ಹಬ್ಬುತ್ತಿದ್ದಂತೆ ಠಾಣೆ ಮುಂದೆ ಜನ ಸೇರಿದರು. 'ಅವನನ್ನ ನಮ್ಮ ಕೈಗೆ ಕೊಡ್ರಿ' ಎಂಬ ಕೂಗು ಎದ್ದಿತು. ಸಿಸಿಟಿವಿ ದೃಶ್ಯ ಹಿಡಿದು ಪೊಲೀಸರು ಬಿಹಾರ ಮೂಲದ ಕಾರ್ಮಿಕನೊಬ್ಬನನ್ನು ವಶಕ್ಕೆ ಪಡೆದರು. ಅದೇ ದಿನ ಅವನು ಪೊಲೀಸರ ಗುಂಡಿಗೆ ಬಲಿಯಾದ.

ಪೊಲೀಸರು ಹೇಳಿದ್ದು ಇಷ್ಟು: ಅವನ ಗುರುತು, ದಾಖಲೆ ಪರಿಶೀಲಿಸಲು ತಾರಿಹಾಳ ಕಡೆಗೆ ಕರೆದೊಯ್ದಾಗ ಕಲ್ಲು ತೂರಿ ಓಡಲು ನೋಡಿದ. ಮಹಿಳಾ ಪಿಎಸ್‌ಐ ಮೊದಲು ಗಾಳಿಯಲ್ಲಿ ಗುಂಡು ಹಾರಿಸಿದರು, ಅವನು ನಿಲ್ಲಲಿಲ್ಲ, ಆಮೇಲೆ ಹಾರಿಸಿದ ಗುಂಡು ಒಂದು ಕಾಲಿಗೆ, ಇನ್ನೊಂದು ಬೆನ್ನಿಗೆ ಬಿತ್ತು. ಪೊಲೀಸರಿಗೂ ಗಾಯವಾಗಿದೆ. ಆಸ್ಪತ್ರೆಗೆ ತರುವಷ್ಟರಲ್ಲಿ ಅವನ ಜೀವ ಹೋಗಿತ್ತು.

ಮರುದಿನ ಬೆಳಗ್ಗೆ ಜಿಲ್ಲೆಯ ಯಾವ ಚಹಾದಂಗಡಿಗೆ ಹೋದರೂ ಒಂದೇ ಮಾತು: 'ಛಲೋ ಮಾಡಿದ್ರು ಬಿಡ್ರಿ.' ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬ ಪಿಎಸ್‌ಐ ಫೋಟೊ. ಪಕ್ಷಭೇದ ಇಲ್ಲದೆ ಮುಖಂಡರ ಮೆಚ್ಚುಗೆ. ಈ ಸಂತೋಷವನ್ನು ಮೂರ್ಖತನ ಅಂತ ತಳ್ಳಿಹಾಕಿದರೆ ತಪ್ಪಾಗುತ್ತದೆ. ಅದರ ಹಿಂದೆ ಒಂದು ಲೆಕ್ಕ ಇದೆ. 2012ರ ಡಿಸೆಂಬರಿನ ದೆಹಲಿ ನಿರ್ಭಯಾ ಪ್ರಕರಣದಲ್ಲಿ ಗಲ್ಲು ಜಾರಿಯಾದದ್ದು 2020ರ ಮಾರ್ಚ್ 20ಕ್ಕೆ. ಇಡೀ ದೇಶವೇ ಕಣ್ಣಿಟ್ಟಿದ್ದ ಕೇಸಿಗೇ ಏಳು ವರ್ಷ ದಾಟಿತು. ಒಂದು ಚೆಕ್ ಬೌನ್ಸ್ ಕೇಸಿಗೆ ವರ್ಷಗಟ್ಟಲೆ ತಾರೀಖಿಗೆ ಓಡಾಡಿದ ಅಂಗಡಿಯವರಿಗೆ ಕೋರ್ಟಿನ ವೇಗ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನೂ ಒಂದು ಹಿನ್ನೆಲೆ ಇತ್ತು. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಕ್ಯಾಂಪಸ್ಸಿನಲ್ಲೇ ವಿದ್ಯಾರ್ಥಿನಿಯ ಕೊಲೆ ಆಗಿತ್ತು. ಮುಂದಿನ ತಿಂಗಳೇ ವೀರಾಪುರ ಓಣಿಯಲ್ಲಿ ಮತ್ತೊಬ್ಬ ಯುವತಿಯ ಕೊಲೆ. ಈ ಎರಡನೆಯದರಲ್ಲಂತೂ ಬೆದರಿಕೆ ಇದೆ ಅಂತ ಮೊದಲೇ ಹೇಳಿದರೂ ಪೊಲೀಸರು ಹಗುರವಾಗಿ ತಗೊಂಡರು ಎಂಬ ಆರೋಪ ಬಂದು, ಪೊಲೀಸರ ಅಮಾನತೂ ಆಯಿತು. ಆಗ 'ಠಾಣೆಯವರು ದೂರು ಕೇಳೋದಿಲ್ಲ' ಅಂತ ಬೈದವರೇ ಒಂದು ವರ್ಷದ ಮೇಲೆ 'ಪೊಲೀಸರು ಹೇಳಿದ್ದೇ ಖರೆ' ಅಂದರು. ದೂರು ಬರೆದುಕೊಳ್ಳುವ ವಿಷಯದಲ್ಲಿ ಇಲ್ಲದ ನಂಬಿಕೆ ಗುಂಡು ಹಾರಿಸುವ ವಿಷಯದಲ್ಲಿ ಎಲ್ಲಿಂದ ಬಂತು ಎಂಬುದನ್ನು ಯಾರೂ ಕೇಳಲಿಲ್ಲ.

ಕಾನೂನಿನಲ್ಲಿ ಏನಿದೆ?

'ಎನ್‌ಕೌಂಟರ್' ಅನ್ನೋ ಶಬ್ದವೇ ಕಾನೂನಿನಲ್ಲಿ ಇಲ್ಲ. ಇರುವುದು ಎರಡು ದಾರಿ. ಒಂದು, ಆತ್ಮರಕ್ಷಣೆ. ಇದು ಪೊಲೀಸರಿಗೂ ಉಂಟು, ಗಲ್ಲಾಪೆಟ್ಟಿಗೆ ಮುಂದೆ ಕೂತ ವ್ಯಾಪಾರಿಗೂ ಉಂಟು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಅದರವು. ಎದುರಿನವನಿಂದ ಜೀವಕ್ಕೇ ಅಪಾಯ ಎಂಬ ನಿಜವಾದ ಭಯ ಇದ್ದಾಗ ಅವನ ಜೀವ ಹೋದರೂ ಅದು ಅಪರಾಧವಲ್ಲ. ಆದರೆ ಎಷ್ಟು ಬೇಕೋ ಅಷ್ಟೇ ಬಲ. ಎರಡು, ಬಂಧನ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 43ರ ಪ್ರಕಾರ ಬಂಧನಕ್ಕೆ ಅಡ್ಡ ಬಂದವನನ್ನು ಹಿಡಿಯಲು ಅಗತ್ಯ ಬಲ ಬಳಸಬಹುದು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಈ ಸೆಕ್ಷನ್ ಕೊಡುವುದಿಲ್ಲ. ಹುಬ್ಬಳ್ಳಿ ಪ್ರಕರಣದ ಆರೋಪ ಗಲ್ಲು ಶಿಕ್ಷೆಯದ್ದೇ. ಹಾಗಂತ ಓಡಿದರೆ ಸಾಕು, ಕೊಲ್ಲಬಹುದು ಅಂತಲೂ ಅರ್ಥವಲ್ಲ. ಬೇರೆ ದಾರಿ ಇತ್ತೇ ಇಲ್ಲವೇ ಎಂಬುದು ಮುಖ್ಯ.

ಅದಕ್ಕೇ ಬೆನ್ನಿಗೆ ಬಿದ್ದ ಆ ಒಂದು ಗುಂಡಿನ ಮಾತು ಬರುತ್ತದೆ. ಬೆನ್ನಿಗೆ ಬಿದ್ದ ಮಾತ್ರಕ್ಕೆ ಪೊಲೀಸರು ಸುಳ್ಳು ಹೇಳಿದರು ಅನ್ನೋಕಾಗಲ್ಲ. ಕಲ್ಲೆಸೆದವನು ತಿರುಗಿದ ಕ್ಷಣಕ್ಕೇ ಗುಂಡು ಹೊರಟಿರಬಹುದು, ಗಲಿಬಿಲಿಯಲ್ಲಿ ಗುರಿ ತಪ್ಪಿರಬಹುದು. ಆದರೆ 'ಮೈಮೇಲೆ ಬಂದವನಿಂದ ಜೀವ ಉಳಿಸಿಕೊಂಡೆವು' ಅನ್ನೋದು ಬೇರೆ, 'ಓಡುತ್ತಿದ್ದವನನ್ನು ತಡೆದೆವು' ಅನ್ನೋದು ಬೇರೆ. ಇವೆರಡರಲ್ಲಿ ನಡೆದದ್ದು ಯಾವುದು ಎಂಬುದನ್ನು ಮರಣೋತ್ತರ ಪರೀಕ್ಷೆ, ಗುಂಡಿನ ಕೋನ, ದೂರ ಇವು ಹೇಳಬೇಕೇ ಹೊರತು ಫೇಸ್‌ಬುಕ್ ಲೈಕ್ ಅಲ್ಲ.

2014ರಲ್ಲಿ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವುಗಳಿಗೆ 16 ಅಂಶಗಳ ನಿಯಮ ಹಾಕಿಕೊಟ್ಟಿತು. ಎಫ್‌ಐಆರ್ ಆಗಲೇಬೇಕು. ತನಿಖೆ ಸಿಐಡಿ ಅಥವಾ ಬೇರೆ ಠಾಣೆಯವರಿಂದ ನಡೆಯಬೇಕು. ಮರಣೋತ್ತರ ಪರೀಕ್ಷೆಯನ್ನು ಇಬ್ಬರು ವೈದ್ಯರು ಮಾಡಿ ವಿಡಿಯೊ ತೆಗೆಯಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಘಟನೆ ಆದ ಕೂಡಲೇ ಶೌರ್ಯ ಪದಕ, ಸರದಿ ಮೀರಿದ ಬಡ್ತಿ ಕೊಡುವಂತಿಲ್ಲ. ಈ ಕೊನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದರೆ ಅಂದು ಸಂಜೆಯೇ 'ಪ್ರಮೋಷನ್ ಕೊಡ್ರಿ' ಅಂತ ಬೇಡಿಕೆ ಇಡುತ್ತಿರಲಿಲ್ಲ.

ಹುಬ್ಬಳ್ಳಿ ಪ್ರಕರಣದಲ್ಲೂ ತನಿಖೆ ಸಿಐಡಿಗೆ ಹೋಯಿತು. ಪಿಯುಸಿಎಲ್ ಹೈಕೋರ್ಟಿಗೆ ಹೋದಾಗ ಶವವನ್ನು ಸುಡುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿತು. ಅರ್ಜಿ ಹಾಕಿದವರಿಗೆ 'ಆ ಕೂಸಿನ ಬಗ್ಗೆ ನಿಮಗ ಕರುಣೆ ಇಲ್ಲೇನು' ಅಂತ ಬೈಗುಳ ಬಿತ್ತು. ಆದರೆ ಈ ತನಿಖೆ ಪಿಎಸ್‌ಐ ವಿರುದ್ಧದ ತನಿಖೆ ಅಂತ ಯಾಕೆ ತಿಳಿಯಬೇಕು? ಅವರು ನಿಜಕ್ಕೂ ಸಹೋದ್ಯೋಗಿಯ ಜೀವ ಉಳಿಸಲು ಗುಂಡು ಹಾರಿಸಿದ್ದರೆ, ಅದನ್ನು ಕಾಗದದ ಮೇಲೆ ಸಾಬೀತು ಮಾಡುವ ದಾರಿ ಇದೊಂದೇ. ಜನರ ಜೈಕಾರ ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಆತ್ಮರಕ್ಷಣೆ ಅಂತ ಹೇಳಿದವರ ಮೇಲೇ ಅದನ್ನು ತೋರಿಸುವ ಹೊಣೆ ಇರುತ್ತದೆ.

ಹೈದರಾಬಾದಿನ ಪಾಠ

ಇದೇ ಜೈಕಾರ 2019ರ ಡಿಸೆಂಬರ್ 6ರಂದು ಹೈದರಾಬಾದಿನಲ್ಲಿ ಕೇಳಿತ್ತು. ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಶಾದ್‌ನಗರ ಬಳಿಯ ಚಟಾನ್‌ಪಲ್ಲಿಯಲ್ಲಿ ನಸುಕಿನ ಹೊತ್ತು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವು ಸುರಿದರು. ಆಗ ಸೈಬರಾಬಾದ್ ಕಮಿಷನರ್ ಆಗಿದ್ದವರು ಹುಬ್ಬಳ್ಳಿ ಮೂಲದ ವಿ.ಸಿ. ಸಜ್ಜನರ. ಹೀಗಾಗಿ ನಮ್ಮ ಕಡೆಯೂ ಹೆಮ್ಮೆಯ ಮಾತು ಬಹಳ ನಡೆಯಿತು.

ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್‌ಪುರ್‌ಕರ್ ನೇತೃತ್ವದ ಆಯೋಗ ನೇಮಿಸಿತು. 2022ರ ಮೇನಲ್ಲಿ ಬಹಿರಂಗವಾದ ಅದರ ವರದಿ ಪೊಲೀಸರ ಕಥೆ ಕಟ್ಟುಕಥೆ ಎಂದಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಎಂದಿತು. ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕೆಂದು ಶಿಫಾರಸು ಮಾಡಿತು. ಆ ಹತ್ತರಲ್ಲಿ ಸಜ್ಜನರ ಹೆಸರಿಲ್ಲ, ಸ್ಥಳದಲ್ಲಿದ್ದ ಕೆಳಹಂತದವರದ್ದೇ ಇತ್ತು. ಹೂವು ಹಾಕಿದವರು ಯಾರೂ ಅವರ ವಕೀಲರ ಫೀ ಕೊಡಲು ಹೋಗಿರಲಿಕ್ಕಿಲ್ಲ. ಸತ್ತ ನಾಲ್ವರಲ್ಲಿ ಮೂವರು ಘಟನೆ ವೇಳೆ 18 ತುಂಬದವರು ಎಂದೂ ಆಯೋಗ ಹೇಳಿತು. ಮಹಾರಾಷ್ಟ್ರದ ಬದ್ಲಾಪುರ ಶಾಲೆಯ ಮಕ್ಕಳ ಪ್ರಕರಣದ್ದೂ ಇದೇ ಹಾದಿ. 2024ರ ಸೆಪ್ಟೆಂಬರಿನಲ್ಲಿ ಆರೋಪಿ ಪೊಲೀಸ್ ವ್ಯಾನಿನಲ್ಲೇ ಸತ್ತ, ನಾಲ್ಕು ತಿಂಗಳಲ್ಲಿ ಮ್ಯಾಜಿಸ್ಟ್ರೇಟ್ ವರದಿ ಐವರು ಪೊಲೀಸರನ್ನು ಹೊಣೆ ಮಾಡಿತು.

ಇದರಿಂದ ಹುಬ್ಬಳ್ಳಿಯಲ್ಲೂ ಹಾಗೇ ನಡೆದಿದೆ ಅಂತ ತೀರ್ಮಾನ ಮಾಡುವಂತಿಲ್ಲ. ಆದರೆ ಮೊದಲ ದಿನ ಎಲ್ಲ ಕಡೆ ಕಥೆ ಒಂದೇ ರೀತಿ ಇರುತ್ತದೆ ಎಂಬುದಂತೂ ನಿಜ. 'ಸ್ಥಳ ಮಹಜರಿಗೆ ಕರೆದೊಯ್ದಾಗ ಹಲ್ಲೆ, ಕಾಲಿಗೆ ಗುಂಡೇಟು' ಎಂಬ ಸಾಲು ಕನ್ನಡ ಪತ್ರಿಕೆ ಓದುವವರಿಗೆ ಬಾಯಿಪಾಠ ಆಗಿದೆ. ಹೆಸರು, ಊರು ಬದಲಾಗುತ್ತದೆ, ಉಳಿದದ್ದು ಅದೇ. ಇಷ್ಟು ಸಲ ಒಂದೇ ರೀತಿ ದಾಳಿ ಆಗುತ್ತದೆ ಎಂದರೆ, ಆರೋಪಿಯನ್ನು ಕರೆದೊಯ್ಯುವ ಪೊಲೀಸರ ಸುರಕ್ಷತೆ ಬಗ್ಗೆಯಾದರೂ ಇಲಾಖೆ ಚಿಂತೆ ಮಾಡಬೇಕಿತ್ತಲ್ಲವೇ?

ಅಶೋಕ ನಗರ ಪ್ರಕರಣದಲ್ಲಿ ಸಿಸಿಟಿವಿ ದೃಶ್ಯ ಇತ್ತು, ಆರೋಪಿ ಕೈಯಲ್ಲಿದ್ದ. ಕೋರ್ಟಿನಲ್ಲಿ ನಿಲ್ಲುವಂಥ ಕೇಸು. ಪೋಕ್ಸೊ ಕಾಯ್ದೆಯ ಸೆಕ್ಷನ್ 35ರ ಪ್ರಕಾರ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ಆರೋಪಿ ಸತ್ತ ಮೇಲೆ ಅವನ ಮೇಲಿನ ಮೊಕದ್ದಮೆ ಅಲ್ಲಿಗೇ ಮುಗಿಯಿತು. ಅವನು ಈ ಮೊದಲು ಬೇರೆ ಊರಲ್ಲಿ ಏನೇನು ಮಾಡಿದ್ದ, ಅವನ ಹಿಂದೆ ಯಾರಾದರೂ ಇದ್ದರೇ, ಎಲ್ಲವೂ ಅವನ ಜೊತೆಗೇ ಹೋಯಿತು. ಮಗುವಿನ ತಂದೆ ತಾಯಿಗೆ ನ್ಯಾಯಾಧೀಶರ ಬಾಯಿಂದ 'ಇವನೇ ಅಪರಾಧಿ' ಎಂಬ ಮಾತು ಇನ್ನು ಕೇಳಸಿಗುವುದಿಲ್ಲ.

ಪಿಎಸ್‌ಐ ಫೋಟೊ ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ, ತಮ್ಮ ಜಿಲ್ಲೆಯ ಪೋಕ್ಸೊ ಕೋರ್ಟಿನಲ್ಲಿ ಒಂದು ವರ್ಷ ದಾಟಿದ ಕೇಸು ಎಷ್ಟಿವೆ ಅಂತ ಶಾಸಕರನ್ನು ಕೇಳಿದ್ದಾರೆ? ಮೆಚ್ಚುಗೆ ಹೇಳಿದ ಮುಖಂಡರಲ್ಲಿ ಒಬ್ಬರಾದರೂ ಆ ಲೆಕ್ಕವನ್ನು ತಾವಾಗಿ ಜನರ ಮುಂದೆ ಇಟ್ಟಿದ್ದಾರೆಯೇ?