ಲೆನ್ಸಿನ ಮೇಲೊಂದು ವಿಚಿತ್ರ ಮಗ್ಗಿ

ಮನೆಯ ಬೀರುವಿನಲ್ಲಿ ಹಳೆಯ ಫಿಲಂ ಕ್ಯಾಮೆರಾ ಇನ್ನೂ ಉಳಿದಿದ್ದರೆ ಅದರ ಲೆನ್ಸಿನ ಸುತ್ತ ಇರುವ ಉಂಗುರವನ್ನು ಒಮ್ಮೆ ನೋಡಿ. 2, 2.8, 4, 5.6, 8, 11, 16 ಎಂದು ಅಂಕಿಗಳ ಸಾಲೊಂದು ಕಾಣಿಸುತ್ತದೆ. ಶಾಲೆಯಲ್ಲಿ ಯಾವ ಲೆಕ್ಕದ ಮೇಷ್ಟರೂ ಕಲಿಸದ ಮಗ್ಗಿ ಇದು. ಸಾಲದೆಂಬಂತೆ, ಉಂಗುರವನ್ನು ದೊಡ್ಡ ಅಂಕಿಯತ್ತ ತಿರುಗಿಸಿದಷ್ಟೂ ಒಳಗಿನ ರಂಧ್ರ ಕಿರಿದಾಗುತ್ತದೆ! ಫೋಟೊ ತೆಗೆಯುವುದನ್ನು ಕಲಿಯಲು ಹೊರಟ ಅನೇಕರು ಕೈಚೆಲ್ಲುವುದು ಇಲ್ಲೇ.

ಈ ರಂಧ್ರವೇ ಅಪರ್ಚರ್. ತೆಳುವಾದ ಲೋಹದ ಎಸಳುಗಳು ಒಂದರ ಮೇಲೊಂದು ಸರಿದು ಅದನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಮನುಷ್ಯನ ಕಣ್ಣಿನ ಪಾಪೆ ಬಿಸಿಲಿನಲ್ಲಿ ಸುಮಾರು 2 ಮಿ.ಮೀ.ಗೆ ಕುಗ್ಗಿ, ಕತ್ತಲಲ್ಲಿ 7-8 ಮಿ.ಮೀ.ವರೆಗೆ ಹಿಗ್ಗುವುದೂ ಇದೇ ಕೆಲಸಕ್ಕೆ.

ಉಂಗುರದ ಮೇಲಿನ ಅಂಕಿ ರಂಧ್ರದ ಅಳತೆಯಲ್ಲ, ಒಂದು ಭಾಗಾಕಾರದ ಉತ್ತರ. ಲೆನ್ಸಿನ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿ.ಮೀ. ಲೆನ್ಸಿನಲ್ಲಿ ರಂಧ್ರ 25 ಮಿ.ಮೀ. ಇದ್ದರೆ ಎಫ್ 2; 12.5 ಮಿ.ಮೀ. ಇದ್ದರೆ ಎಫ್ 4. ಭಾಜಕ ಚಿಕ್ಕದಾದಷ್ಟೂ ಭಾಗಲಬ್ಧ ದೊಡ್ಡದು. ತಲೆಕೆಳಗಾದಂತೆ ಕಾಣುವ ಅಂಕಿಗಳ ಗುಟ್ಟು ಇಷ್ಟೇ.

ರಂಧ್ರದ ವ್ಯಾಸವನ್ನೇ ನೇರವಾಗಿ ಬರೆದಿದ್ದರಾಗುತ್ತಿತ್ತಲ್ಲ? ಸ್ವಾರಸ್ಯವಿರುವುದು ಇಲ್ಲಿ. ಟಾರ್ಚಿನ ಬೆಳಕನ್ನು ಗೋಡೆಯ ಮೇಲೆ ಬಿಟ್ಟು, ಎರಡರಷ್ಟು ದೂರಕ್ಕೆ ಹಿಂದೆ ಸರಿಯಿರಿ. ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ ಮಂಕಾಗುತ್ತದೆ. ಲೆನ್ಸಿನಲ್ಲೂ ಹೀಗೆಯೇ. 100 ಮಿ.ಮೀ. ಲೆನ್ಸು ಎರಡು ಪಟ್ಟು ದೊಡ್ಡ ಬಿಂಬ ಮೂಡಿಸುವುದರಿಂದ, 25 ಮಿ.ಮೀ. ರಂಧ್ರವೇ ಅಲ್ಲಿದ್ದರೂ ಬಿಂಬದ ಪ್ರಕಾಶ ಕಾಲುಭಾಗಕ್ಕಿಳಿಯುತ್ತದೆ. ಭಾಗಾಕಾರವನ್ನು ಮೊದಲೇ ಮಾಡಿಟ್ಟಿರುವುದರಿಂದ ಛಾಯಾಗ್ರಾಹಕನಿಗೆ ಈ ತಲೆನೋವಿಲ್ಲ. ಯಾವ ಲೆನ್ಸಾದರೂ ಸರಿ, ಎಫ್ 8 ಎಂದರೆ ಪ್ರಕಾಶ ಹೆಚ್ಚುಕಡಿಮೆ ಒಂದೇ.

ಇನ್ನು ಮಗ್ಗಿ. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗಬೇಕು. ಎಂದರೆ ರಂಧ್ರದ ವಿಸ್ತೀರ್ಣ ಅರ್ಧವಾಗಬೇಕು. ಅದಕ್ಕೆ ವ್ಯಾಸವನ್ನು 2ರ ವರ್ಗಮೂಲದಿಂದ, ಅಂದರೆ 1.414ರಿಂದ ಭಾಗಿಸಬೇಕು. ಹಾಗಾಗಿ ಪ್ರತಿ ಅಂಕಿಯೂ ಹಿಂದಿನದರ 1.4 ಪಟ್ಟು. ಉರುಹೊಡೆಯಬೇಕಿಲ್ಲ, 1 ಮತ್ತು 1.4 ನೆನಪಿಟ್ಟು ಎರಡನ್ನೂ ಇಮ್ಮಡಿಸುತ್ತಾ ಹೋದರೆ ಸಾಕು. 11.2 ಆಗಬೇಕಾದದ್ದನ್ನು 11 ಎಂದು ಬರೆಯುವುದು ರೂಢಿ.

ಬೆಳಕು ಹೆಚ್ಚು ಸಿಗುವುದಾದರೆ ರಂಧ್ರವನ್ನು ಸದಾ ಅಗಲವಾಗಿಯೇ ಇಟ್ಟುಕೊಳ್ಳೋಣ ಎನ್ನುವಂತಿಲ್ಲ. ಮದುವೆ ಛತ್ರದಲ್ಲಿ ಮನೆಮಂದಿಯೆಲ್ಲ ಮೂರು ಸಾಲಾಗಿ ಫೋಟೊಕ್ಕೆ ನಿಂತಿದ್ದಾರೆನ್ನಿ. 50 ಮಿ.ಮೀ. ಲೆನ್ಸಿನಿಂದ ಎಫ್ 2ರಲ್ಲಿ ತೆಗೆದರೆ ಮುಂದೆ ಕುಳಿತ ಮಗು ಸ್ಫುಟ, ಹಿಂದಿನ ಸಾಲಿನ ಸೋದರಮಾವ ಮಸುಕು. ಎಫ್ 8ಕ್ಕೆ ಹೋದರೆ ಮೂರು ಸಾಲೂ ಸ್ಫುಟವಾಗುತ್ತವೆ; ಆದರೆ ನಾಲ್ಕು ಮೆಟ್ಟಿಲು ಇಳಿದದ್ದರಿಂದ ಬೆಳಕು ಹದಿನಾರರಲ್ಲಿ ಒಂದು ಪಾಲು. ಫ್ಲ್ಯಾಷ್ ಇಲ್ಲದಿದ್ದರೆ ಷಟರ್ ಹದಿನಾರು ಪಟ್ಟು ಹೊತ್ತು ತೆರೆದಿರಬೇಕು. ಅಲ್ಲಿಯವರೆಗೆ ಮಗು ಅಲುಗಾಡದೆ ಕೂತೀತೇ?

ಈ ಚೌಕಾಸಿಯಲ್ಲಿ ಒಂದೊಂದು ತುದಿಗೆ ಹೋದವರೂ ಇದ್ದಾರೆ. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದ ಛಾಯಾಗ್ರಾಹಕರು ಕಟ್ಟಿಕೊಂಡ ಗುಂಪಿನ ಹೆಸರೇ 'ಗ್ರೂಪ್ ಎಫ್ 64'. ಕಾಲಬುಡದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಫುಟವಾಗಿ ಮೂಡುವಷ್ಟು ಕಿರಿದಾದ ರಂಧ್ರವದು. ಬೆಟ್ಟಕ್ಕೇನು, ಎಷ್ಟು ಹೊತ್ತಾದರೂ ಕಾಯುತ್ತದೆ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಹಿಡಿದದ್ದು ಇನ್ನೊಂದು ತುದಿ. 1975ರ 'ಬ್ಯಾರಿ ಲಿಂಡನ್' ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲೇ ತೆಗೆಯಲು, ನಾಸಾಗಾಗಿ ಜರ್ಮನಿಯ ಜೈಸ್ ತಯಾರಿಸಿದ್ದ ಎಫ್ 0.7 ಲೆನ್ಸನ್ನು ಅವರು ಬಳಸಿದರು. ಎಫ್ 1.4ಕ್ಕಿಂತ ನಾಲ್ಕು ಪಟ್ಟು ಬೆಳಕು! ಆದರೆ ನಟರು ಕೂತಲ್ಲಿಂದ ಮುಂದಕ್ಕೋ ಹಿಂದಕ್ಕೋ ತುಸು ವಾಲಿದರೂ ಮುಖ ಮಸುಕಾಗುವ ಸ್ಥಿತಿ.

ಮೊಬೈಲ್ ಜಾಹೀರಾತಿನಲ್ಲಿ 'ಎಫ್ 1.8' ಎಂದಿರುವುದನ್ನು ತೋರಿಸಿ ಮಕ್ಕಳು ಹಟ ಹಿಡಿದರೆ, ಹೆತ್ತವರು ಅದೇ ಭಾಗಾಕಾರವನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಮೊಬೈಲಿನ ಮುಖ್ಯ ಲೆನ್ಸಿನ ಸಂಗಮದೂರ ಸಾಮಾನ್ಯವಾಗಿ 5-6 ಮಿ.ಮೀ. ಅಷ್ಟೇ. ಹಾಗಾದರೆ ರಂಧ್ರ ಸುಮಾರು 3 ಮಿ.ಮೀ., ಒಂದು ಕೊತ್ತಂಬರಿ ಬೀಜದಷ್ಟು. ಅದಕ್ಕೇ ಮೊಬೈಲಿನಲ್ಲಿ ಎಫ್ 1.8 ಇದ್ದರೂ ಛತ್ರದ ಮೂರು ಸಾಲೂ ಸ್ಫುಟವಾಗಿ ಬರುತ್ತವೆ. 'ಪೋರ್ಟ್ರೇಟ್' ಚಿತ್ರದಲ್ಲಿ ಹಿನ್ನೆಲೆಯನ್ನು ಬಹುಮಟ್ಟಿಗೆ ಮಸುಕು ಮಾಡುವುದು ಲೆನ್ಸಲ್ಲ, ಒಳಗಿನ ತಂತ್ರಾಂಶ. ಚಿತ್ರವನ್ನು ಹಿಗ್ಗಿಸಿ ಕೂದಲಿನ ಅಂಚನ್ನೋ ಕನ್ನಡಕದ ಕಡ್ಡಿಯನ್ನೋ ನೋಡಿದರೆ ಅದು ಲೆಕ್ಕ ತಪ್ಪಿದ ಗುರುತು ಎಷ್ಟೋ ಸಲ ಸಿಕ್ಕಿಬೀಳುತ್ತದೆ.