ಬಸದಿಗೆ ಯಾವ ಕಾನೂನು? ಗದಗ ಸೀಮೆಯ ನಾಲ್ಕು ಊರು, ಒಂದು ಅಧಿನಿಯಮದ ವಂಶಾವಳಿ

ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ, 1997ಕ್ಕೆ ತಿದ್ದುಪಡಿ ತರುವ ವಿಧೇಯಕ 2024ರ ಫೆಬ್ರವರಿ 21ರಂದು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. 23ರಂದು ವಿಧಾನ ಪರಿಷತ್ತು ಅದನ್ನು ತಿರಸ್ಕರಿಸಿತು. 29ರಂದು ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಿತು. ಮಾರ್ಚ್ ತಿಂಗಳಲ್ಲಿ ರಾಜ್ಯಪಾಲರು ವಿವರಣೆ ಕೇಳಿ ಅದನ್ನು ಸರ್ಕಾರಕ್ಕೆ ಮರಳಿಸಿದರು. ವಾರ್ಷಿಕ ಆದಾಯ 1 ಕೋಟಿ ರೂಪಾಯಿ ಮೀರಿದ ದೇವಾಲಯಗಳಿಂದ ಶೇ. 10, 10 ಲಕ್ಷದಿಂದ 1 ಕೋಟಿವರೆಗಿನ ದೇವಾಲಯಗಳಿಂದ ಶೇ. 5 ಭಾಗವನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆಯುವ ಪ್ರಸ್ತಾಪವೇ ಅದರಲ್ಲಿ ಹೆಚ್ಚು ಚರ್ಚೆಯಾದ ಅಂಶ.

ಈ ಲೆಕ್ಕ ಬಸದಿಗಳಿಗೂ ಬರುತ್ತದೆಯೇ ಎಂಬುದು ಜೈನ ಸಮಾಜದಲ್ಲಿ ಸಹಜವಾಗಿ ಏಳುವ ಪ್ರಶ್ನೆ. ನೇರ ಉತ್ತರ: ಇಲ್ಲ. 1997ರ ಅಧಿನಿಯಮ ‘ಹಿಂದೂ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಬೌದ್ಧರು, ಜೈನರು, ಸಿಖ್ಖರು ಸೇರಿಲ್ಲ. ಜೊತೆಗೆ, 23ನೇ ಪ್ರಕರಣದಂತೆ ಸರ್ಕಾರ ಪಟ್ಟಿ ಮಾಡಿ ಪ್ರಕಟಿಸಿದ ‘ಅಧಿಸೂಚಿತ ಸಂಸ್ಥೆ’ಗಳ ಮೇಲೆಯೇ ಈ ಕಾನೂನಿನ ಮುಖ್ಯ ಹಿಡಿತ ಇರುವುದು. ಆದರೆ ‘ಇಲ್ಲ’ ಎಂಬ ಉತ್ತರವನ್ನು ಕೇಳಿ ಸುಮ್ಮನಾಗುವಂತಿಲ್ಲ. ಅದು ನಿಂತಿರುವುದು ಒಂದು ವ್ಯಾಖ್ಯೆಯ ಮೇಲೆ. ವ್ಯಾಖ್ಯೆಗಳನ್ನು ಶಾಸಕಾಂಗ ಬದಲಿಸಬಹುದು, ನ್ಯಾಯಾಲಯ ಪ್ರಶ್ನಿಸಬಹುದು. ಈ ವ್ಯಾಖ್ಯೆಯನ್ನು ನ್ಯಾಯಾಲಯ ಒಮ್ಮೆ ಪ್ರಶ್ನಿಸಿಯೂ ಆಗಿದೆ.

ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯದ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ 2006ರ ಸೆಪ್ಟೆಂಬರ್ 8ರಂದು ಇಡೀ ಅಧಿನಿಯಮವನ್ನೇ ಅಸಿಂಧುಗೊಳಿಸಿತು. ಮಠಗಳನ್ನೂ ಅವುಗಳಿಗೆ ಸೇರಿದ ದೇವಾಲಯಗಳನ್ನೂ ಹೊರಗಿಟ್ಟದ್ದು ತಾರತಮ್ಯ ಎಂಬುದು ಒಂದು ಆಕ್ಷೇಪ. ಸಂವಿಧಾನದ 25ನೇ ಅನುಚ್ಛೇದದ ವಿವರಣೆ ‘ಹಿಂದೂ’ ಎಂಬಲ್ಲಿ ಜೈನ, ಬೌದ್ಧ, ಸಿಖ್ಖರನ್ನೂ ಸೇರಿಸಿರುವಾಗ ರಾಜ್ಯದ ಕಾನೂನು ಅವರನ್ನು ಬಿಟ್ಟದ್ದೇಕೆ ಎಂಬುದೂ ಆ ಚರ್ಚೆಯಲ್ಲಿ ಬಂತು. ಸರ್ವೋಚ್ಚ ನ್ಯಾಯಾಲಯ ತೀರ್ಪಿಗೆ ತಡೆ ನೀಡಿದ್ದರಿಂದ ಅಧಿನಿಯಮ ಜಾರಿಯಲ್ಲಿ ಉಳಿಯಿತು. ಮುಂದೆ 2011 ಮತ್ತು 2012ರಲ್ಲಿ ತಿದ್ದುಪಡಿಗಳಾದವು, ಅವೂ ನ್ಯಾಯಾಲಯದ ಮೆಟ್ಟಿಲೇರಿದವು. 2024ರಲ್ಲಿ ವಿಧೇಯಕ ಮರಳಿಸಿದಾಗ ರಾಜ್ಯಪಾಲರು ಕೇಳಿದ ವಿವರಣೆಗಳಲ್ಲಿ, ಇತರ ಧರ್ಮಗಳ ಸಂಸ್ಥೆಗಳಿಗೂ ಇಂಥ ಕಾನೂನು ತರುವ ಯೋಚನೆ ಇದೆಯೇ ಎಂಬುದೂ ಒಂದಾಗಿತ್ತು. ಅಂದರೆ ಬಸದಿಗಳು ಹೊರಗಿರಬೇಕೇ, ಒಳಗೆ ಬರಬೇಕೇ ಎಂಬ ಪ್ರಶ್ನೆ ಮುಗಿದ ಅಧ್ಯಾಯವಲ್ಲ. ಅದು ಮತ್ತೆ ಎದ್ದಾಗ ಸಮಾಜದ ಕೈಯಲ್ಲಿ ಏನಿರಬೇಕು? ಆಯಾ ಬಸದಿಗೆ ಯಾವ ಕಾಲದಲ್ಲಿ ಯಾವ ಕಾನೂನು ಅನ್ವಯಿಸಿತ್ತು ಎಂಬುದರ ದಾಖಲೆ ಇರಬೇಕು.

ಗದಗ ಸೀಮೆಯಲ್ಲಿ ಈ ಕೆಲಸ ಸುಲಭವಲ್ಲ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಇಂದು ಒಂದೇ ಜಿಲ್ಲೆಯಲ್ಲಿವೆ. ಸ್ವಾತಂತ್ರ್ಯ ಬಂದಾಗ ಅವು ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಗದಗ, ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಭಾಗ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. 1948ರ ಮಾರ್ಚ್ 8ರಂದು ದಖನಿನ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದ ಮೇಲೆಯೇ ನಾಲ್ಕೂ ಊರುಗಳು ಒಂದೇ ಶಾಸಕಾಂಗದ ಕೆಳಗೆ ಬಂದವು. ಆದ್ದರಿಂದ ಗದುಗಿನ ಒಂದು ಬಸದಿಯ ಹಳೆಯ ಜಮೀನು ದಾಖಲೆ ಬ್ರಿಟಿಷ್ ಕಂದಾಯ ಪದ್ಧತಿಯಲ್ಲಿದ್ದರೆ, ಲಕ್ಷ್ಮೇಶ್ವರದ್ದು ಸಂಸ್ಥಾನದ ಸನದಿನಲ್ಲಿ ಇರಬಹುದು, ಮೋಡಿ ಲಿಪಿಯ ಮರಾಠಿಯಲ್ಲೂ ಇರಬಹುದು. ಒಂದು ಊರಿನ ಕಾಗದಪತ್ರದ ದಾರಿ ಪಕ್ಕದ ಊರಿಗೆ ಹೊಂದುತ್ತದೆ ಎಂದು ನಂಬುವಂತಿಲ್ಲ.

ವಿಲೀನವಾಗಿ ಎರಡೇ ವರ್ಷಗಳಲ್ಲಿ ಬಾಂಬೆ ಸಾರ್ವಜನಿಕ ನ್ಯಾಸಗಳ ಕಾಯಿದೆ, 1950 ಬಂತು. ಇದರ ಸ್ವರೂಪವೇ ಬೇರೆ. ಇದು ಒಂದು ಧರ್ಮಕ್ಕೆ ಸೀಮಿತವಾದ ಕಾಯಿದೆಯಲ್ಲ. ಸಾರ್ವಜನಿಕ ಧಾರ್ಮಿಕ ನ್ಯಾಸ ಎಂಬ ನೆಲೆಯಲ್ಲಿ ಬಸದಿಗಳನ್ನೂ ಒಳಗೊಂಡಿತ್ತು. 18ನೇ ಕಲಮಿನಂತೆ ನೋಂದಣಿ, ವಹಿವಾಟುದಾರರು ಬದಲಾದರೆ 22ನೇ ಕಲಮಿನಂತೆ ಬದಲಾವಣೆಯ ವರದಿ, ಸ್ಥಿರಾಸ್ತಿ ಪರಭಾರೆಗೆ 36ನೇ ಕಲಮಿನಂತೆ ಚಾರಿಟಿ ಕಮಿಷನರರ ಪೂರ್ವಾನುಮತಿ, ಇವು ಅದರ ಮುಖ್ಯ ಕಟ್ಟಳೆಗಳು. ಈ ಭಾಗದ ಹಳೆಯ ಬಸದಿ ಕಮಿಟಿಯ ಪೆಟ್ಟಿಗೆಯಲ್ಲಿ ನೋಂದಣಿಯ ಸಂಖ್ಯೆ, ಆಸ್ತಿಯ ಪಟ್ಟಿ ಇದ್ದರೆ ಅವು ಹುಟ್ಟಿದ್ದು ಈ ಕಾಯಿದೆಯಿಂದ.

ಇದೇ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರಲ್ಲಿ ಒಬ್ಬರು ಜೈನ ಮಂದಿರವೊಂದರ ವಹಿವಾಟುದಾರರು. ರತಿಲಾಲ್ ಪಾನಾಚಂದ್ ಗಾಂಧಿ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯ ತೀರ್ಪು ಬಂದದ್ದು 1954ರ ಮಾರ್ಚ್ 18ರಂದು. ಕಾಯಿದೆಯ ಬಹುಭಾಗವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಧಾರ್ಮಿಕ ನ್ಯಾಸಕ್ಕೆ ಚಾರಿಟಿ ಕಮಿಷನರರನ್ನೇ ಟ್ರಸ್ಟಿಯಾಗಿ ನೇಮಿಸಲು ಅವಕಾಶವಿದ್ದ 44ನೇ ಕಲಮನ್ನು ಧಾರ್ಮಿಕ ಸಂಸ್ಥೆಗಳ ಮಟ್ಟಿಗೆ ಒಪ್ಪಲಿಲ್ಲ. ದಾನಿಯ ಮೂಲ ಉದ್ದೇಶ ಇನ್ನೂ ನೆರವೇರಬಹುದಾಗಿದ್ದಾಗ ನಿಧಿಯನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಧಾರ್ಮಿಕ ಸ್ವಾತಂತ್ರ್ಯದ ಮೇಲಿನ ಅತಿಕ್ರಮಣ ಎಂದಿತು. 58ನೇ ಕಲಮಿನ ವಂತಿಗೆಯನ್ನು ಮಾತ್ರ, ಸರ್ಕಾರ ಒದಗಿಸುವ ಸೇವೆಗೆ ಪ್ರತಿಯಾದ ಶುಲ್ಕ ಎಂದು ಉಳಿಸಿತು. ಇದಕ್ಕೆ ಎರಡು ದಿನ ಮೊದಲು, ಮಾರ್ಚ್ 16ರಂದು, ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಮದ್ರಾಸ್ ಕಾಯಿದೆಯ ವಂತಿಗೆಯನ್ನು ತೆರಿಗೆ ಎಂದು ಪರಿಗಣಿಸಿ ಅದೇ ನ್ಯಾಯಾಲಯ ತೆಗೆದುಹಾಕಿತ್ತು. ಶುಲ್ಕವೋ ತೆರಿಗೆಯೋ, ದಾನಿಯ ಉದ್ದೇಶವೋ ಬೇರೆಯ ಬಳಕೆಯೋ? 2024ರ ಚರ್ಚೆಯ ತಿರುಳೂ ಇದೇ. ಎಪ್ಪತ್ತು ವರ್ಷ ಹಿಂದಿನ ಆ ಎರಡು ತೀರ್ಪುಗಳನ್ನು ಓದದೆ ಈಗಿನ ಚರ್ಚೆಯಲ್ಲಿ ಮಾತಾಡುವುದು ಅರ್ಧ ಮಾತು.

1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಬಾಂಬೆ ಕಾಯಿದೆ ಅಲ್ಲಿಗೇ ನಿಲ್ಲಲಿಲ್ಲ. ರಾಜ್ಯ ಪುನರ್ವಿಂಗಡಣೆ ಕಾಯಿದೆಯ 119ನೇ ಕಲಂ, ಹೊಸ ಶಾಸಕಾಂಗ ಬದಲಿಸುವವರೆಗೆ ಆಯಾ ಪ್ರದೇಶದಲ್ಲಿ ಹಳೆಯ ಕಾನೂನೇ ನಡೆಯಲಿ ಎಂದಿತು. ಹೀಗೆ ಒಂದೇ ರಾಜ್ಯದಲ್ಲಿ ಐದು ಕಾನೂನುಗಳು ಉಳಿದವು: ಹಳೆ ಮೈಸೂರಿಗೆ 1927ರದು, ಕರಾವಳಿಗೆ ಮದ್ರಾಸಿನ 1951ರದು, ಮುಂಬಯಿ ಭಾಗಕ್ಕೆ 1950ರದು, ಹೈದರಾಬಾದ್ ಭಾಗಕ್ಕೆ ನಿಜಾಮರ ಕಾಲದ ದತ್ತಿ ನಿಯಮಗಳು, ಕೊಡಗಿಗೆ 1956ರದು. ಇವನ್ನು ರದ್ದುಮಾಡಿ ಇಡೀ ರಾಜ್ಯಕ್ಕೆ ಒಂದೇ ಕಾನೂನು ಎಂದು ಬಂದದ್ದೇ 1997ರ ಅಧಿನಿಯಮ.

ತೊಡಕು ಹುಟ್ಟುವುದು ಇಲ್ಲಿಯೇ. ರದ್ದತಿಯ ಪಟ್ಟಿಯಲ್ಲಿ ಬಾಂಬೆ ಕಾಯಿದೆಯೂ ಇದೆ. ಹೊಸ ಅಧಿನಿಯಮದ ವ್ಯಾಖ್ಯೆಯಲ್ಲಿ ಜೈನರು ಇಲ್ಲ. ಹಿಂದೂ ದೇವಾಲಯಗಳು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿದವು. ಬಸದಿಗಳು ಹಳೆಯ ಮನೆಯಿಂದ ಹೊರಬಂದವು, ಹೊಸ ಮನೆಗೆ ಸೇರಲಿಲ್ಲ. ಇದನ್ನು ಬರೀ ಬಿಡುಗಡೆ ಎಂದುಕೊಂಡರೆ ಅದು ಅವಸರದ ಓದು. ನೋಂದಣಿ, ಬದಲಾವಣೆಯ ವರದಿ, ಪರಭಾರೆಗೆ ಪೂರ್ವಾನುಮತಿ ಇವೆಲ್ಲ ಹೊರೆಯೂ ಹೌದು, ಕಾವಲೂ ಹೌದು. ಕಾವಲು ಸಡಿಲವಾದಲ್ಲಿ ಬಸದಿಯ ಜಮೀನನ್ನು ಯಾರೋ ಕೆಲವರು ಸಹಿ ಹಾಕಿ ಮಾರಿದರೆ ತಡೆಯುವ ದಾರಿ ಯಾವುದು ಎಂದು ಶ್ರಾವಕರು ಕೇಳಬೇಕಾಗುತ್ತದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಂತೆ, ಸಾರ್ವಜನಿಕ ನ್ಯಾಸದಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಆ ದಾವೆಯಲ್ಲಿ ಮೊದಲು ಬೇಕಾಗುವ ಪುರಾವೆ ಎಂದರೆ ಇದು ಸಾರ್ವಜನಿಕ ನ್ಯಾಸ, ಈ ಆಸ್ತಿ ಅದರದ್ದು ಎಂಬುದು. ಬಾಂಬೆ ಕಾಯಿದೆಯ ಕಾಲದ ನೋಂದಣಿ ಪುಸ್ತಕದ ನಕಲು ಇಲ್ಲಿ ಬೆಲೆಬಾಳುತ್ತದೆ. ಕಾಯಿದೆ ರದ್ದಾಯಿತೆಂದು ಅದರ ಕೆಳಗೆ ಆದ ಕೆಲಸ ರದ್ದಾಗುವುದಿಲ್ಲ. ಕರ್ನಾಟಕ ಸಾಮಾನ್ಯ ಖಂಡಗಳ ಅಧಿನಿಯಮ, 1899ರ 6ನೇ ಪ್ರಕರಣದ ಸಾರವೇ ಅದು. ಹಳೆಯ ಕಾಗದವೆಂದು ರದ್ದಿಗೆ ಹಾಕಿದರೆ ಮಾತ್ರ ಅದು ನಿಜವಾಗಿ ರದ್ದಾಗುತ್ತದೆ.

ಒಂದು ಅಧಿನಿಯಮದ ಚರಿತ್ರೆ ಹುಡುಕುವುದು ಹೇಗೆ? ಅದರ ಶೀರ್ಷಿಕೆಯೇ ಮೊದಲ ಸುಳಿವು. ಹೆಸರು 1997 ಎನ್ನುತ್ತದೆ, ಸಂಖ್ಯೆ ‘2001ರ ಕರ್ನಾಟಕ ಅಧಿನಿಯಮ 33’ ಎನ್ನುತ್ತದೆ, ಜಾರಿಗೆ ಬಂದದ್ದು 2003ರ ಮೇ 1ರಂದು. ಮೂರು ವರ್ಷ ಏಕೆ? ಧಾರ್ಮಿಕ ದತ್ತಿಗಳು ಸಂವಿಧಾನದ ಸಮವರ್ತಿ ಪಟ್ಟಿಯ 28ನೇ ನಮೂದಿನಲ್ಲಿವೆ. ವಿಧೇಯಕ ರಾಷ್ಟ್ರಪತಿಗಳ ಅಂಕಿತಕ್ಕೆ ಹೋಗಿ ಬರುವಲ್ಲಿ ವರ್ಷಗಳು ಕಳೆದವು. ಬಸದಿಯ ಕ್ರಯಪತ್ರ 2002ರದ್ದಾಗಿದ್ದರೆ ಹೆಸರಿನ ವರ್ಷ ನೋಡಿ ಹೊಸ ಕಾನೂನು ಹಚ್ಚುವಂತಿಲ್ಲ. ಆ ದಿನ ಗದಗ ಸೀಮೆಯಲ್ಲಿ ಬಾಂಬೆ ಕಾಯಿದೆಯೇ ಜಾರಿಯಲ್ಲಿತ್ತು.

ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಅಧಿನಿಯಮಗಳ ಪಾಠ ಸಿಗುತ್ತದೆ. ಅದರೊಂದಿಗೆ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ, ವಿಧೇಯಕದ ಸಂಖ್ಯೆ, ಯಾವ ಪ್ರಕರಣವನ್ನು ಯಾವ ತಿದ್ದುಪಡಿ ಎಂದಿನಿಂದ ಬದಲಿಸಿತು ಎಂಬ ಅಡಿಟಿಪ್ಪಣಿಗಳಿರುತ್ತವೆ. ವಿಧೇಯಕದ ಸಂಖ್ಯೆ ಹಿಡಿದು ಹೋದರೆ ಸದನದ ನಡವಳಿಗಳಲ್ಲಿ ಯಾರು ಏನು ಕೇಳಿದರು, ಸಚಿವರು ಏನು ಉತ್ತರಿಸಿದರು ಎಂಬುದು ತಿಳಿಯುತ್ತದೆ. ಜಾರಿಯ ದಿನಾಂಕಕ್ಕೆ ರಾಜ್ಯಪತ್ರವೇ ಆಧಾರ. ಸರ್ಕಾರಿ ಕನ್ನಡದಲ್ಲಿ ‘ಕಾಯಿದೆ’ಗೆ ‘ಅಧಿನಿಯಮ’, ‘ಕಲಂ’ಗೆ ‘ಪ್ರಕರಣ’ ಎನ್ನುತ್ತಾರೆಂಬುದು ನೆನಪಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ದಾಖಲೆಗಳಿಗೆ ಧಾರವಾಡದ ಕಚೇರಿಗಳಲ್ಲೂ ವಿಚಾರಿಸಬೇಕು.

ಜಾಲತಾಣದಲ್ಲಿ ಕಾಣುವ ಇಂದಿನ ಪಾಠ ತಿದ್ದುಪಡಿಗಳನ್ನೆಲ್ಲ ಸೇರಿಸಿದ ಪಾಠ ಎಂಬುದನ್ನು ಮರೆಯಬಾರದು. ಇದಕ್ಕೆ ಲಕ್ಷ್ಮೇಶ್ವರದ ಕಲ್ಲೇ ಸಾಕ್ಷಿ ಹೇಳುತ್ತದೆ. ಪ್ರಾಚೀನ ಪುಲಿಗೆರೆಯ ಶಂಖ ತೀರ್ಥಕ್ಕೆ ಸಂಬಂಧಿಸಿದ ಶಾಸನದಲ್ಲಿ ಗಂಗ ಮಾರಸಿಂಹನ ಕ್ರಿ.ಶ. 968ರ ದಾನದ ಜೊತೆಗೆ ಅದಕ್ಕಿಂತ ಬಹಳ ಹಿಂದಿನ ಬಾದಾಮಿ ಚಾಲುಕ್ಯರ ದಾನಗಳೂ ಒಂದೇ ಕಲ್ಲಿನ ಮೇಲೆ ಕೆತ್ತಲ್ಪಟ್ಟಿವೆ. ಜೆ. ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ಅಕ್ಷರದ ರೂಪ ನೋಡಿ, ಚಾಲುಕ್ಯ ಭಾಗ ನಂತರ ಮಾಡಿದ ಪ್ರತಿ ಎಂದು ಗುರುತಿಸಿದರು. ಹಳೆಯ ದಾನಪತ್ರಗಳನ್ನು ಒಂದೆಡೆ ತಂದು ಉಳಿಸಬೇಕೆಂಬ ಕಾಳಜಿ ಅಂದೂ ಇತ್ತು. ಯಾವುದು ಮೂಲ, ಯಾವುದು ಪ್ರತಿ ಎಂದು ಬೇರ್ಪಡಿಸುವ ಹೊಣೆ ಓದುವವರದ್ದು. ಕನ್ನಡದಲ್ಲಿ ಕಲ್ಲಿನ ಬರಹಕ್ಕೂ ಸದನದ ಕಾನೂನಿಗೂ ‘ಶಾಸನ’ ಎಂಬ ಒಂದೇ ಪದವಿದೆ. ಎರಡನ್ನೂ ಓದುವ ಶಿಸ್ತೂ ಒಂದೇ: ಯಾರು ಕೊಟ್ಟರು, ಯಾವ ದಿನ, ಯಾವ ಅಧಿಕಾರದಿಂದ, ಮುಂದೆ ಯಾರು ತಿದ್ದಿದರು.

ನಾಲ್ಕೂ ಊರುಗಳ ಬಸದಿ ಕಮಿಟಿಗಳು ಈಗಲೇ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ನೋಂದಣಿಯ ದೃಢೀಕೃತ ನಕಲು, ಕೊನೆಯ ಬದಲಾವಣೆಯ ವರದಿ, ಪ್ರತಿ ಸರ್ವೆ ನಂಬರಿನ ಉತಾರ, ಸಂಸ್ಥಾನ ಕಾಲದ ಸನದು ಇದ್ದರೆ ಅದರ ಓದು, ಇವನ್ನು ಒಂದು ಕಡತದಲ್ಲಿ ಸೇರಿಸಿ ಇಡಬೇಕು. 23ನೇ ಪ್ರಕರಣದ ಪಟ್ಟಿಯಲ್ಲಿ ತಮ್ಮ ಬಸದಿಯ ಹೆಸರು ಎಲ್ಲಾದರೂ ಸೇರಿಕೊಂಡಿದೆಯೇ ಎಂದು ಪರೀಕ್ಷಿಸಬೇಕು. ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು ನಮಗೆ ಗೊತ್ತಿರುವುದು ಅದನ್ನು ಕಲ್ಲಿನಲ್ಲಿ ಬರೆಸಿಟ್ಟದ್ದರಿಂದ. ಮುಂದಿನ ವಿಧೇಯಕ ಬಂದು ಸಮಾಜದ ಅಭಿಪ್ರಾಯ ಕೇಳಿದಾಗ, ಆತಂಕದ ಮನವಿಗಿಂತ ಆ ಕಡತ ಹೆಚ್ಚು ಮಾತಾಡುತ್ತದೆ.