ರೆಡ್ ಬೈರನ್ ಅವರ ಕ್ಲಚ್ ಪೆಡಲ್

ಯುವಜನರ ಸಭೆಗಳಲ್ಲಿ ಸ್ಫೂರ್ತಿಗೆಂದು ಹೇಳುವ ಕಥೆಗಳ ಬಗ್ಗೆ ನಮಗೊಂದು ತಕರಾರಿದೆ. ಗಾಯಗೊಂಡವರೊಬ್ಬರು ಛಲದಿಂದ ಎದ್ದು ಗೆಲ್ಲುತ್ತಾರೆ, ನಾವು ‘ಮನಸ್ಸಿದ್ದರೆ ಮಾರ್ಗ’ ಎಂದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಅಮೆರಿಕದ ಕಾರ್ ರೇಸರ್ ರೆಡ್ ಬೈರನ್ ಅವರ ಕಥೆಯನ್ನೂ ಹಾಗೆಯೇ ಹೇಳಿಬಿಡಬಹುದು. ಆದರೆ ಅವರ ಕಾರಿನೊಳಗೆ ಸ್ವಲ್ಪ ಇಣುಕಿ ನೋಡೋಣ.

ಬೈರನ್ ಹುಟ್ಟಿದ್ದು 1915ರಲ್ಲಿ, ವರ್ಜೀನಿಯಾದಲ್ಲಿ. ಯುದ್ಧಕ್ಕೆ ಮೊದಲೇ ರೇಸಿಗೆ ಇಳಿದಿದ್ದರು. ಎರಡನೇ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಸಿಬ್ಬಂದಿಯಾಗಿ ಅಲಾಸ್ಕಾದ ಆಚೆಯ ಅಲೂಷಿಯನ್ ದ್ವೀಪಗಳ ಮೇಲೆ ಹಾರುತ್ತಿದ್ದಾಗ ಎಡಗಾಲಿಗೆ ಭಾರೀ ಪೆಟ್ಟಾಯಿತು. ಎರಡು ವರ್ಷಕ್ಕೂ ಹೆಚ್ಚು ಆಸ್ಪತ್ರೆಯಲ್ಲಿದ್ದರು. ಕಾಲು ಉಳಿಯಿತು, ಮೊದಲಿನ ಬಲ ಬರಲಿಲ್ಲ.

ಕಾರು ಓಡಿಸುವವರಿಗೆ ಗೊತ್ತು, ಕ್ಲಚ್ ತುಳಿಯುವುದು ಎಡಗಾಲಿನಲ್ಲೇ. ಗೇರ್ ಬದಲಿಸುವಾಗಲೆಲ್ಲ ಅದು ಬೇಕು. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ಪೆಡಲ್ ತಾನಾಗಿ ಕೆಳಗಿಳಿಯುವುದಿಲ್ಲ. ಹಾಗಾಗಿ ಆ ಕಾಲಿಗೆ ಕಟ್ಟಿದ್ದ ಲೋಹದ ಆಸರೆಯನ್ನು ಕ್ಲಚ್ ಪೆಡಲಿಗೇ ಜೋಡಿಸಲಾಯಿತು. ಕಾರು ಸಜ್ಜುಗೊಳಿಸುತ್ತಿದ್ದವರು ಅಟ್ಲಾಂಟಾದ ಮೆಕ್ಯಾನಿಕ್ ರೆಡ್ ವೋಗ್ಟ್. ಕಾರಿನ ಒಡೆಯ ರೇಮಂಡ್ ಪಾರ್ಕ್ಸ್. (ಪಾರ್ಕ್ಸ್ ಮೊದಲು ಹಣ ಮಾಡಿದ್ದು ಕಳ್ಳಭಟ್ಟಿ ದಂಧೆಯಲ್ಲಿ, ಜೈಲನ್ನೂ ಕಂಡವರು. ನಮ್ಮ ಬ್ಲಾಗಿಗೆ ಹೊಂದದ ಸಂಗತಿ, ಆದರೆ ಮುಚ್ಚಿಟ್ಟು ಕಥೆಯನ್ನು ಚಂದ ಮಾಡುವುದು ನಮಗೆ ಸರಿಕಾಣಲಿಲ್ಲ.)

1948ರ ಫೆಬ್ರವರಿಯಲ್ಲಿ ಡೇಟೋನಾ ಬೀಚಿನಲ್ಲಿ ನಾಸ್ಕಾರ್‌ನ ಮೊದಲ ರೇಸ್ ನಡೆಯಿತು. ಹಾದಿಯ ಒಂದು ಬದಿ ಸಮುದ್ರದ ಮರಳು, ಇನ್ನೊಂದು ಬದಿ ಡಾಂಬರು ರಸ್ತೆ. ಗೆದ್ದವರು ಬೈರನ್. ಆ ವರ್ಷ ಮಾರ್ಪಡಿಸಿದ ಕಾರುಗಳ ವಿಭಾಗದ ಚಾಂಪಿಯನ್ ಕೂಡ ಅವರೇ. ಮರುವರ್ಷ ಶೋರೂಮಿನಲ್ಲಿ ಸಿಗುವಂಥ ಕಾರುಗಳಿಗೇ ಹೊಸ ಸರಣಿ ಶುರುವಾಯಿತು. ಎಂಟು ರೇಸುಗಳಲ್ಲಿ ಬೈರನ್ ಆರರಲ್ಲಿ ಓಡಿಸಿದರು, ಎರಡನ್ನು ಗೆದ್ದರು, ಲೀ ಪೆಟ್ಟಿಯನ್ನು ಹಿಂದಿಕ್ಕಿ ಅದರ ಮೊದಲ ಚಾಂಪಿಯನ್ ಆದರು.

ಛಲ ಇರಲಿಲ್ಲವೇ? ಖಂಡಿತ ಇತ್ತು. ಆ ಕಾಲಿನಲ್ಲಿ ತಾಸುಗಟ್ಟಲೆ ಮರಳಿನ ಮೇಲೆ ಕಾರು ಓಡಿಸುವುದು ಹುಡುಗಾಟವಲ್ಲ. ಆದರೆ ಛಲವೊಂದನ್ನೇ ಹೊಗಳುತ್ತಾ ಹೋದರೆ, ಗೆಲ್ಲಲಾಗದವರಲ್ಲಿ ಛಲವೇ ಇರಲಿಲ್ಲ ಎಂದು ಹೇಳಿದ ಹಾಗಾಗುತ್ತದೆ. ಅದೇ ಯುದ್ಧದಿಂದ ಕೈಕಾಲು ಊನವಾಗಿ ಮರಳಿದ ಎಷ್ಟೋ ಮಂದಿಗೆ ಒಬ್ಬ ವೋಗ್ಟ್ ಸಿಗಲಿಲ್ಲ, ಅಷ್ಟೇ. ನಮ್ಮ ನಡುವೆ ಕಷ್ಟಪಟ್ಟು ನಡೆಯುವವರಿಗೆ ನಾವು ‘ಧೈರ್ಯ ತಂದುಕೊಳ್ಳಿ’ ಎನ್ನುವುದೇ ಹೆಚ್ಚು. ಮೆಟ್ಟಿಲ ಪಕ್ಕ ಒಂದು ಹಿಡಿಕಂಬಿ ಹಾಕಿಸುವುದು ಕಡಿಮೆ. ಧೈರ್ಯ ಹೇಳಲು ಖರ್ಚಿಲ್ಲವಲ್ಲ! ಪಾರ್ಕ್ಸ್‌ಗೆ ಗೆಲುವು ಬೇಕಿತ್ತು, ಅದಕ್ಕೇ ಸಹಾಯ ಮಾಡಿದರು ಎಂದು ಯಾರಾದರೂ ಹೇಳಬಹುದು. ಇರಲಿ, ಅವರ ತಂಡ ಕಾಲಿಗೆ ತಕ್ಕ ಹಾಗೆ ಕಾರನ್ನು ಬದಲಿಸಿತು, ಕಾಲು ಸರಿಯಾದ ಮೇಲೆ ಬಾ ಎನ್ನಲಿಲ್ಲ.

ಮುಂದೆ ಬೈರನ್ ಅವರ ಆರೋಗ್ಯ ಕೈಕೊಟ್ಟಿತು. 1951ರ ನಂತರ ಆ ಸರಣಿಯಲ್ಲಿ ಓಡಿಸಲಿಲ್ಲ. 1960ರ ನವೆಂಬರ್‌ನಲ್ಲಿ ಷಿಕಾಗೋದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 45. ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2018ರಲ್ಲಿ. ಪಾರ್ಕ್ಸ್ ಅವರದು ಅದಕ್ಕೆ ಒಂದು ವರ್ಷ ಮೊದಲೇ ಸೇರಿತ್ತು.